ಒನಗಾವಾ ಮತ್ತು ಫುಕುಷಿಮಾ: ಎಷ್ಟು ಹಿಂದಿನ ಇತಿಹಾಸ ಬೇಕು?

ಪರಮಾಣು ವಿದ್ಯುತ್ ಸ್ಥಾವರದ ಸುರಕ್ಷತೆ ಎಂದೊಡನೆ ನಮ್ಮ ಗಮನ ರಿಯಾಕ್ಟರಿನ ಕಡೆಗೆ ಹೋಗುತ್ತದೆ. ಸ್ಥಾವರ ನಿಂತಿರುವ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಜಪಾನಿನ ಎರಡು ಸ್ಥಾವರಗಳ ಇತಿಹಾಸವನ್ನು ಹೋಲಿಸಿ ನೋಡಿ.

ಫುಕುಷಿಮಾ ದೈಯಿಚಿಯ ಮೊದಲ ಘಟಕ 1971ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿ ಸುಮಾರು 35 ಮೀಟರ್ ಎತ್ತರದ ಕಡಿದಾದ ದಂಡೆಯಿತ್ತು. ಬುನಾದಿಗೆ ಗಟ್ಟಿ ಬಂಡೆ ಸಿಗಲೆಂದು, ಸಮುದ್ರದ ನೀರೆತ್ತುವ ಖರ್ಚು ತಗ್ಗಲೆಂದು ಅದನ್ನು ಕಡಿದು 10 ಮೀಟರಿಗೆ ಇಳಿಸಿದರು. ವಿನ್ಯಾಸಕ್ಕೆ ಆಧಾರವಾಗಿ ಹಿಡಿದ ಸುನಾಮಿಯ ಎತ್ತರ 3.1 ಮೀಟರ್. 1960ರ ಚಿಲಿ ಭೂಕಂಪದ ಅಲೆ ಸಮೀಪದ ಓನಹಾಮಾ ಬಂದರಿನಲ್ಲಿ ಮುಟ್ಟಿದ ಮಟ್ಟವದು.

ಅಲ್ಲಿಂದ ಸುಮಾರು 120 ಕಿ.ಮೀ. ಉತ್ತರಕ್ಕಿರುವ ಒನಗಾವಾದಲ್ಲಿಯೂ ಮೊದಲ ಅಂದಾಜು 3 ಮೀಟರ್ ಮಾತ್ರ. ಆದರೆ ಎಂಜಿನಿಯರ್ ಯಾನೊಸುಕೆ ಹಿರಾಯಿ ಕ್ರಿ.ಶ. 869ರ ಜೋಗನ್ ಸುನಾಮಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಪಟ್ಟು ಹಿಡಿದರು. ಕೊನೆಗೆ ಸ್ಥಾವರದ ನೆಲವನ್ನು 14.8 ಮೀಟರಿಗೆ ನಿಗದಿಪಡಿಸಲಾಯಿತು. ಹಿರಾಯಿ 1986ರಲ್ಲಿ ತೀರಿಕೊಂಡರು.

2011ರ ಮಾರ್ಚ್ 11ರಂದು 9.0 ಪ್ರಮಾಣದ ಭೂಕಂಪವಾಯಿತು. ಎರಡೂ ಕಡೆ ನಿಯಂತ್ರಣ ಸರಳುಗಳು ಒಳಸೇರಿ ವಿದಳನ ಕ್ರಿಯೆ ನಿಂತಿತು. ಆದರೆ ವಿದಳನದಿಂದ ಉಂಟಾದ ವಿಕಿರಣಶೀಲ ಧಾತುಗಳ ಕ್ಷಯ ನಿಲ್ಲುವುದಿಲ್ಲ. ಒಂದು ದಿನದ ನಂತರವೂ ಪೂರ್ಣ ಉಷ್ಣಸಾಮರ್ಥ್ಯದ ಸುಮಾರು ಶೇ. 0.5ರಷ್ಟು ಶಾಖ ಹುಟ್ಟುತ್ತಿರುತ್ತದೆ. ಫುಕುಷಿಮಾದ 2381 ಮೆಗಾವಾಟ್ ಉಷ್ಣಸಾಮರ್ಥ್ಯದ ಎರಡನೆಯ ಘಟಕದಲ್ಲಿ ಇದು ಸುಮಾರು 12 ಮೆಗಾವಾಟ್! ಇದನ್ನು ಹೊರಗೆ ಸಾಗಿಸಲು ಪಂಪುಗಳು ಓಡುತ್ತಲೇ ಇರಬೇಕು. ಅವಕ್ಕೆ ವಿದ್ಯುತ್ ಬೇಕು.

ಫುಕುಷಿಮಾದಲ್ಲಿ ಭೂಕಂಪದಿಂದ ಹೊರಗಿನ ವಿದ್ಯುತ್ ಕಡಿದುಹೋಯಿತು. ಸುಮಾರು 50 ನಿಮಿಷಗಳ ಬಳಿಕ ಬಂದ ಸುನಾಮಿ ನೆಲಮಾಳಿಗೆಯಲ್ಲಿದ್ದ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಒನಗಾವಾ ಭೂಕಂಪ ಕೇಂದ್ರಕ್ಕೆ ಇನ್ನೂ ಹತ್ತಿರವಿತ್ತು. ಅಲ್ಲಿ ನೆಲವೇ ಸುಮಾರು 1 ಮೀಟರ್ ಕುಸಿಯಿತು. ಅಲೆ ಸುಮಾರು 13 ಮೀಟರ್ ಏರಿತು. ಉಳಿದ ಅಂತರ ಒಂದು ಮೀಟರಿಗಿಂತಲೂ ಕಡಿಮೆ! ಹಾನಿಯೇ ಆಗಲಿಲ್ಲವೆಂದಲ್ಲ; ಒಂದು ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತು. ಐದು ವಿದ್ಯುತ್ ಮಾರ್ಗಗಳಲ್ಲಿ ಒಂದು ಉಳಿದುಕೊಂಡದ್ದೂ ನೆರವಾಯಿತು. ಆದರೂ ರಿಯಾಕ್ಟರುಗಳು ಸುರಕ್ಷಿತವಾಗಿ ತಣಿದವು. ಮನೆ ಕಳೆದುಕೊಂಡ ಊರವರು ಆ ಸ್ಥಾವರದಲ್ಲಿಯೇ ಆಶ್ರಯ ಪಡೆದರು.

ಫುಕುಷಿಮಾದ ಒಡೆತನದ ಟೆಪ್ಕೊ ಕಂಪನಿಯ ಲೆಕ್ಕಾಚಾರವೇ 2008ರಲ್ಲಿ 15.7 ಮೀಟರ್ ಅಲೆಯ ಸಾಧ್ಯತೆಯನ್ನು ತೋರಿಸಿತ್ತು. ಜೋಗನ್ ಸುನಾಮಿ ತಂದು ಹರಡಿದ ಮರಳಿನ ಪದರಗಳನ್ನೂ ಭೂವಿಜ್ಞಾನಿಗಳು ಆ ವೇಳೆಗೆ ಗುರುತಿಸಿದ್ದರು. ಆದರೆ ತಡೆಗೋಡೆ ಏಳಲಿಲ್ಲ.

ಸಾವಿರ ವರ್ಷಕ್ಕೊಮ್ಮೆ ಬರುವ ಅಲೆಗೆ ಅಂಜಬೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅವರಿಂದಲೇ ಲೆಕ್ಕ ಮಾಡಿಸಿ: 40 ವರ್ಷ ನಡೆಯುವ ಸ್ಥಾವರ ತನ್ನ ಆಯುಷ್ಯದಲ್ಲಿ ಅಂಥ ಅಲೆಯನ್ನು ಎದುರಿಸುವ ಸಂಭವ ಸುಮಾರು ಶೇ. 4. ಇಪ್ಪತ್ತೈದರಲ್ಲಿ ಒಂದು ಎಂಬುದು ಕಡೆಗಣಿಸುವಂಥ ಸಂಖ್ಯೆಯಲ್ಲ.