ಬೀದರಿನ ಗೋಡೆಗಳೂ ಅವುಗಳ ತಳಪಾಯವೂ

ಮೈಲೂರಿನಿಂದ ಬೀದರಿನ ಹಳೆಯ ಪೇಟೆಗೆ ಬರುವವರು ಮಹಮೂದ್ ಗವಾನನ ಮದರಸೆಯ ಮುಂದೆ ಕ್ಷಣಕಾಲ ನಿಲ್ಲದೆ ಹೋಗಲಾರರು. 1472ರ ಈ ವಿದ್ಯಾಮಂದಿರದ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು, ಉಳಿದಿರುವುದು ಒಂದೇ. ಸಮೀಪದ ಅಷ್ಟೂರಿನಲ್ಲಿ ಹುಮಾಯೂನ್ ಷಹನ ಗೋರಿಯು ಅರ್ಧ ಒಡೆದು ನಿಂತಿದೆ. ಇವನ್ನು ಕಂಡವರು ತಳಪಾಯವೇ ಕುಸಿಯಿತೆಂದು ಭಾವಿಸುವುದು ಸಹಜ. ಆದರೆ ಮದರಸೆಯನ್ನು ಮುರಿದುದು ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗಿದ್ದ ಮದ್ದಿನ ಸ್ಫೋಟ. ಗೋರಿಯನ್ನು ಸೀಳಿದುದು ಸಿಡಿಲು. ಕಾರಣವು ಬೇರೆಯಾದಲ್ಲಿ ಚಿಕಿತ್ಸೆಯೂ ಬೇರೆಯಾಗಬೇಕಷ್ಟೆ.

ಬೀದರು ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಬಹಮನಿ ಅರಸರು ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿಸಿದರು. ಇಂತಹ ನೆಲವು ಭಾರವನ್ನು ಹೊರಬಲ್ಲುದು. ತಗ್ಗಿನ ಎರೆಭೂಮಿಯ ಸ್ವಭಾವವೇ ಬೇರೆ. ಭಾಲ್ಕಿ, ಔರಾದುಗಳ ರೈತರು ಬಲ್ಲಂತೆ, ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲಣ ಆಳವಿಲ್ಲದ ಪಾಯವೂ ವರ್ಷವರ್ಷವೂ ಏರಿಳಿಯುತ್ತದೆ.

ಪಾಯವು ಒಂದೆಡೆ ತಗ್ಗಿದಾಗ ಗೋಡೆಯಲ್ಲಿ ಓರೆಯಾದ ಬಿರುಕು ಮೂಡುತ್ತದೆ. ಕಲ್ಲಿನ ಸಂದುಗಳಲ್ಲಿ ಅದು ಮೆಟ್ಟಿಲಿನಂತೆ ಏರುತ್ತದೆ. ಬಾಗಿಲ ಚೌಕಟ್ಟು ಸೊಟ್ಟಗಾಗಿ ಕದವು ಬಿಗಿಯುತ್ತದೆ. ಗಾರೆಯ ಮೇಲ್ಮೈಯ ಕೂದಲೆಳೆಯಂತಹ ಬಿರುಕಿಗೆ ಹೆದರಬೇಕಾಗಿಲ್ಲ. ಓರೆಬಿರುಕನ್ನು ಕಂಡೊಡನೆ ಗಾರೆ ಮೆತ್ತಿಸಬಾರದು. ಮೊದಲು ಅದರ ಮೇಲೆ ಗಾಜಿನ ತೆಳುಪಟ್ಟಿಯನ್ನು ಭದ್ರವಾಗಿ ಅಂಟಿಸಿ, ತಾರೀಖು ಬರೆದಿಡಬೇಕು. ಗಾಜು ಒಡೆದರೆ ಗೋಡೆಯು ಇನ್ನೂ ಚಲಿಸುತ್ತಿದೆಯೆಂದು ತಿಳಿಯತಕ್ಕದ್ದು. ಮಳೆಗಾಲ, ಬೇಸಗೆಗಳೆರಡರಲ್ಲಿಯೂ ಹೀಗೆ ನೋಡಿದರೆ ನೆಲದ ನಡತೆ ತಿಳಿಯುತ್ತದೆ.

ದುರಸ್ತಿಯನ್ನು ನೀರಿನಿಂದ ಆರಂಭಿಸಬೇಕು. ಸೂರಿನ ನೀರನ್ನೂ ಬಚ್ಚಲ ನೀರನ್ನೂ ಗೋಡೆಯ ಬುಡದಿಂದ ದೂರ ಹರಿಸಿದರೆ ಅನೇಕ ಮನೆಗಳಲ್ಲಿ ಚಲನೆಯು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ, ಬಲ್ಲ ಎಂಜಿನಿಯರರ ಸಲಹೆಯಂತೆ ಹಳೆಯ ಪಾಯದ ಕೆಳಗೆ ಹೊಸ ಪಾಯವನ್ನು ಕೂಡಿಸಬೇಕು. ಇದನ್ನು ಒಂದೊಂದು ಮೀಟರಿನಷ್ಟು ತುಂಡುಗಳಲ್ಲಿ, ಒಂದನ್ನು ಬಿಟ್ಟು ಒಂದರಂತೆ ಮಾಡತಕ್ಕದ್ದು; ಗೋಡೆಯುದ್ದಕ್ಕೂ ಒಮ್ಮೆಗೇ ಅಗೆದರೆ ಮನೆಯೇ ಉರುಳೀತು. ಚಲನೆ ನಿಂತ ಮೇಲೆಯೇ ಬಿರುಕನ್ನು ತುಂಬಬೇಕು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಒಪ್ಪುತ್ತದೆ. ಗಡುಸಾದ ಸಿಮೆಂಟು ತೇವವನ್ನು ಒಳಗೆ ಹಿಡಿದು ಮೆತು ಕಲ್ಲನ್ನು ಸವೆಸುತ್ತದೆ.

ಅವಸರದ ಚಿಕಿತ್ಸೆಯ ಫಲವನ್ನು ಇಟಲಿಯ ಪೀಸಾ ಗೋಪುರದಲ್ಲಿ ಕಾಣಬಹುದು. 1173ರಲ್ಲಿ ಆರಂಭವಾದ ಆ ಗೋಪುರವು ಮೆದು ನೆಲದಿಂದಾಗಿ ಕಟ್ಟುತ್ತಿರುವಾಗಲೇ ವಾಲಿತು. 1934ರಲ್ಲಿ ಅದರ ತಳಕ್ಕೆ ರಂಧ್ರ ಕೊರೆದು ಸಿಮೆಂಟು ತುಂಬಿದಾಗ ಓಟೆ ಮುಚ್ಚಿತೇ ಹೊರತು ಓರೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 1990ರಲ್ಲಿ ಗೋಪುರವನ್ನು ಮುಚ್ಚಲಾಯಿತು. ನೆಲವನ್ನು ಅಳೆದು ಅರಿತವರು ಎತ್ತರದ ಬದಿಯ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆದ ಬಳಿಕ ಓರೆ ತಗ್ಗಿತು. 2001ರಲ್ಲಿ ಅದು ಮತ್ತೆ ಜನರಿಗೆ ತೆರೆಯಿತು.

ಸ್ಮಾರಕಗಳನ್ನು ನೋಡಿಕೊಳ್ಳಲು ಸರ್ಕಾರದ ಇಲಾಖೆಯುಂಟು. ನಮ್ಮ ಅಜ್ಜಂದಿರ ಮನೆಗಳಿಗೆ ನಾವೇ ದಿಕ್ಕು. ಆ ಗೋಡೆಗಳ ಕೆಳಗೆ ಮಲಗುವವರು ನಮ್ಮ ಮಕ್ಕಳು. ಆದುದರಿಂದ ಶ್ರೋತೃಗಳು ಬಿರುಕನ್ನು ಕಂಡಾಗ ಗೌಂಡಿಯನ್ನು ಕರೆಯುವ ಮೊದಲು ಗೋಡೆಯ ಬುಡಕ್ಕೆ ಹೋಗಿ, ನೀರು ಎತ್ತ ಹರಿಯುತ್ತಿದೆಯೆಂದು ನೋಡಬೇಕೆಂಬುದೇ ನಮ್ಮ ಬಿನ್ನಹ.