ಅಪ್‌ಮಿಕ್ಸಿಂಗ್ (ಧ್ವನಿ ಪ್ರಸಾರ)

ಅಪ್‌ಮಿಕ್ಸಿಂಗ್ ಎಂದರೆ ಎರಡು ಚಾನೆಲ್‌ಗಳ ಸ್ಟೀರಿಯೊ ಧ್ವನಿಯಿಂದ 5.1 ಮೊದಲಾದ ಸರೌಂಡ್ ಧ್ವನಿಯನ್ನು ರೂಪಿಸುವ ಸಂಸ್ಕರಣೆ. 5.1 ವ್ಯವಸ್ಥೆಯಲ್ಲಿ ಎಡ, ಬಲ, ಮಧ್ಯ, ಎಡ ಸರೌಂಡ್, ಬಲ ಸರೌಂಡ್ ಎಂಬ ಐದು ಚಾನೆಲ್‌ಗಳ ಜೊತೆಗೆ ಸುಮಾರು 120 ಹರ್ಟ್ಸ್‌ವರೆಗಿನ ಮಂದ್ರ ಧ್ವನಿಗೆ ಮೀಸಲಾದ ಒಂದು ಚಾನೆಲ್ ಇರುತ್ತದೆ. ಸ್ಟೀರಿಯೊದ ಎರಡೂ ಬದಿಗಳಲ್ಲಿ ಸಮಾನವಾಗಿರುವ ಮಾತು ಮಧ್ಯ ಚಾನೆಲ್‌ಗೂ, ಪರಸ್ಪರ ಭಿನ್ನವಾಗಿರುವ ಅನುರಣನ, ಚಪ್ಪಾಳೆಗಳು ಸರೌಂಡ್ ಚಾನೆಲ್‌ಗಳಿಗೂ ಹಂಚಿಕೆಯಾಗುತ್ತವೆ.

ದೂರದರ್ಶನ ವಾಹಿನಿಗಳಲ್ಲಿ 5.1 ಧ್ವನಿಯ ಚಲನಚಿತ್ರದ ನಡುವೆ ಸ್ಟೀರಿಯೊ ಜಾಹೀರಾತು ಬರುವುದುಂಟು. ಆದ್ದರಿಂದ ಮಧ್ಯ ಮತ್ತು ಸರೌಂಡ್ ಚಾನೆಲ್‌ಗಳೆಲ್ಲವೂ ನಿಗದಿತ ಅವಧಿಯವರೆಗೆ ಮೌನವಾಗಿದ್ದರೆ ಮಾತ್ರ ಅಪ್‌ಮಿಕ್ಸಿಂಗ್ ಆರಂಭವಾಗುವಂತೆ ಉಪಕರಣವನ್ನು ಹೊಂದಿಸಲಾಗುತ್ತದೆ. ಸರೌಂಡ್ ಚಾನೆಲ್‌ಗಳನ್ನಷ್ಟೇ ನಂಬುವಂತಿಲ್ಲ. ಪಿಸುಮಾತಿನ ದೃಶ್ಯದಲ್ಲಿ ನೈಜ 5.1 ಧ್ವನಿಯಲ್ಲೂ ಅವು ಖಾಲಿಯಿರಬಹುದು.

ಮುಖ್ಯ ಸಂಕೇತ ಕಡಿದಾಗ ಪರ್ಯಾಯ ಮೂಲಕ್ಕೆ ತಾನಾಗಿ ಬದಲಾಗುವುದನ್ನು ಫೇಲ್‌ಓವರ್ ಎನ್ನುತ್ತಾರೆ. ಡಿಜಿಟಲ್ ಸಂಕೇತವೇ ನಿಂತರೆ ಅದನ್ನು ಪತ್ತೆಹಚ್ಚುವುದು ಸುಲಭ. ಸಂಕೇತವಿದ್ದೂ ಧ್ವನಿ ಇಲ್ಲದಿರುವುದೇ ಕಠಿಣ ಸನ್ನಿವೇಶ. ಕಾಯುವ ಅವಧಿ ತೀರ ಕಡಿಮೆಯಿದ್ದರೆ ಮೌನಾಚರಣೆಯ ನೇರಪ್ರಸಾರವೂ ದೋಷವೆಂದು ಪರಿಗಣಿತವಾಗುತ್ತದೆ. ಹೆಚ್ಚಿದ್ದರೆ ವೀಕ್ಷಕರಿಗೆ ಅಷ್ಟು ಹೊತ್ತು ಮೂಕ ಚಿತ್ರವೇ ಗತಿ. ಪರ್ಯಾಯ ಮೂಲವು ಸ್ಟೀರಿಯೊ ಆಗಿದ್ದರೆ ಈ ಬದಲಾವಣೆ ಅಪ್‌ಮಿಕ್ಸರ್‌ಗೆ ಮುನ್ನವೇ ನಡೆಯಬೇಕು. ಇಲ್ಲವಾದರೆ ಮಧ್ಯ ಮತ್ತು ಸರೌಂಡ್ ಸ್ಪೀಕರ್‌ಗಳು ಮೂಕವಾಗುತ್ತವೆ.