ವರ ಮತ್ತು ಹೊಣೆ: ಕೇಶ್ವಾಪುರದ ಸಭೆಗಳ ಹಿನ್ನೆಲೆಯಲ್ಲಿ ಆತ್ಮಿಕ ವರಗಳ ವಿಚಾರ

ಹುಬ್ಬಳ್ಳಿಯ ಕೇಶ್ವಾಪುರ ಮತ್ತು ಅದಕ್ಕೆ ಹೊಂದಿಕೊಂಡ ರೈಲ್ವೆ ವಸತಿಗಳಲ್ಲಿ ಭಾನುವಾರ ಮುಂಜಾನೆ ಕ್ರೈಸ್ತರು ಒಂದೇ ರೀತಿಯಲ್ಲಿ ಆರಾಧಿಸುವುದಿಲ್ಲ. ಕಥೋಲಿಕರು ಬಲಿಪೂಜೆಗೆ ಹೋಗುತ್ತಾರೆ. ಬಾಸೆಲ್ ಮಿಶನ್ ಪರಂಪರೆಯಿಂದ ಬಂದ ಸಿ.ಎಸ್.ಐ. ಕುಟುಂಬಗಳು ಆರಾಧನಾ ಕ್ರಮದ ಪುಸ್ತಕ ಹಿಡಿದು ಕೂಡುತ್ತವೆ. ಬಾಡಿಗೆ ಹಾಲಿನಲ್ಲಿ ಸೇರುವ ಪೆಂಟೆಕೋಸ್ಟ್ ಸಭೆಗಳಲ್ಲಿ ಅನ್ಯಭಾಷೆಯ ಪ್ರಾರ್ಥನೆಯೂ ಸ್ವಸ್ಥತೆಯ ಸಾಕ್ಷಿಗಳೂ ಕೇಳಿಬರುತ್ತವೆ. ಒಂದೇ ಮನೆಯ ಅತ್ತೆ ಒಂದು ಸಭೆಗೆ, ಸೊಸೆ ಇನ್ನೊಂದು ಸಭೆಗೆ ಹೋಗುವುದೂ ಉಂಟು. ಇಂಥ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಪವಿತ್ರಾತ್ಮನ ವರ ಯಾರಿಗೆ ಸಿಕ್ಕಿದೆ? ಅನ್ಯಭಾಷೆಯಲ್ಲಿ ಮಾತಾಡಿದವರಿಗೆ ಮಾತ್ರವೋ, ಎಲ್ಲರಿಗೂ ಉಂಟೋ?

ಈ ಪ್ರಶ್ನೆ ಕೇಳುವ ರೀತಿಯಲ್ಲೇ ತೊಡಕಿದೆ ಎಂಬುದು ಈ ಲೇಖನದ ವಾದ. ವರವನ್ನು ವ್ಯಕ್ತಿಯ ಸೊತ್ತು ಎಂದು ತಿಳಿದಾಗ 'ಯಾರಿಗೆ' ಎಂಬ ಪ್ರಶ್ನೆ ಏಳುತ್ತದೆ. ಹೊಸ ಒಡಂಬಡಿಕೆಯ ಪತ್ರಿಕೆಗಳು ವರವನ್ನು ಕಾಣುವ ಜಾಗವೇ ಬೇರೆ. ಸಭೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ, ಯಾರೋ ಅದಕ್ಕೆ ಹೆಗಲು ಕೊಡುತ್ತಾರೆ, ಆ ಹೆಗಲಿನಲ್ಲಿ ಸಭೆ ವರವನ್ನು ಗುರುತಿಸುತ್ತದೆ. ಸೇವೆ ಮೊದಲು, ವರದ ಹೆಸರು ಆಮೇಲೆ. ಹುಬ್ಬಳ್ಳಿ-ಧಾರವಾಡ ಭಾಗದ ಕ್ರೈಸ್ತ ಚರಿತ್ರೆಯಲ್ಲೂ ಈ ಮಾತಿಗೆ ಪುರಾವೆಗಳಿವೆ.

ಮೊದಲು ಮೂಲಪಾಠ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ಕ್ರಿ.ಶ. 50ರ ದಶಕದ ಮಧ್ಯಭಾಗದ್ದು, ಪೌಲನು ಎಫೆಸದಿಂದ ಬರೆದದ್ದು. ಕ್ರಿ.ಪೂ. 44ರಲ್ಲಿ ರೋಮನ್ನರು ಮತ್ತೆ ಕಟ್ಟಿದ ಕೊರಿಂಥ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಬಿಡುಗಡೆ ಹೊಂದಿದ ಗುಲಾಮರು, ಕೂಲಿಗಳು, ವರ್ತಕರು ನಾನಾ ದಿಕ್ಕಿನಿಂದ ಬಂದು ನೆಲೆಸಿದ್ದರು. ವರಗಳ ಚರ್ಚೆ ಬರುವುದು ಹನ್ನೆರಡನೆಯ ಅಧ್ಯಾಯದಲ್ಲಿ. ಅದನ್ನು ಅಲ್ಲಿಂದಲೇ ಓದಲು ತೊಡಗುವ ರೂಢಿ ನಮ್ಮಲ್ಲಿ ಬೇರೂರಿದೆ. ಆದರೆ ಹಿಂದಿನ ಅಧ್ಯಾಯದಲ್ಲಿ ಪೌಲನು ಊಟದ ಜಗಳ ಬಿಡಿಸುತ್ತಿದ್ದಾನೆ. ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮುಂಚೆಯೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂಡುತ್ತಿದ್ದರು. ವರಗಳ ಮಾತು ಈ ಪಂಕ್ತಿಭೇದದ ಬೆನ್ನಿಗೇ ಬರುವುದು ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ. ದೇಹಕ್ಕೆ ಅನೇಕ ಅಂಗಗಳಿವೆ, ಬಲಹೀನವೆಂದು ತೋರುವ ಅಂಗಗಳೇ ಹೆಚ್ಚು ಅಗತ್ಯವಾದವು ಎಂದು ಅವನು ಹೇಳುವಾಗ ಅವನ ಕಣ್ಣೆದುರು ಇರುವುದು ಹಸಿದು ಕೂತ ಆ ಜನ.

ವರಗಳ ಪಟ್ಟಿಗಳನ್ನು ಒಟ್ಟಿಗಿಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕೊರಿಂಥ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ ಮೊದಲು ಒಂಬತ್ತು, ಅದೇ ಅಧ್ಯಾಯದ ಕೊನೆಯಲ್ಲಿ ಎಂಟು, ರೋಮಾಪುರದವರಿಗೆ ಬರೆದದ್ದರಲ್ಲಿ ಏಳು. ಎಫೆಸ ಪತ್ರಿಕೆಯ ಪಟ್ಟಿ ಇನ್ನೂ ಚಿಕ್ಕದು. ಪೇತ್ರನ ಮೊದಲನೆಯ ಪತ್ರಿಕೆ ಎಲ್ಲವನ್ನೂ ಮಾತಾಡುವ ವರ, ಸೇವೆ ಮಾಡುವ ವರ ಎಂದು ಎರಡೇ ಬಗೆಯಲ್ಲಿ ಮುಗಿಸುತ್ತದೆ. ಯಾವ ಎರಡು ಪಟ್ಟಿಗಳೂ ಒಂದೇ ಆಗಿಲ್ಲ. ಆಯಾ ಸಭೆಯ ಸ್ಥಿತಿ ನೋಡಿ ಬರೆದ ಪಟ್ಟಿಗಳಿವು. ಸ್ವಸ್ಥತೆ, ಅನ್ಯಭಾಷೆಗಳ ಸಾಲಿನಲ್ಲೇ ಸಹಾಯ ಮಾಡುವುದು, ಕಾರ್ಯಭಾರ ನಡೆಸುವುದು, ಧಾರಾಳವಾಗಿ ಕೊಡುವುದು, ಸಂತೋಷದಿಂದ ಕರುಣೆ ತೋರುವುದು ಕೂಡ ಇವೆ. ಒಂದು ಪವಾಡ, ಇನ್ನೊಂದು ಸಾದಾ ಕೆಲಸ ಎಂಬ ವಿಂಗಡಣೆಯನ್ನು ಪೌಲನು ಮಾಡಿಲ್ಲ.

ಇದಕ್ಕಿಂತ ಗಟ್ಟಿಯಾದ ಆಧಾರ ಪತ್ರಿಕೆಯ ಕಟ್ಟಕಡೆಗಿದೆ. ಹದಿನಾರನೆಯ ಅಧ್ಯಾಯದಲ್ಲಿ ಸ್ತೆಫನನ ಮನೆಯವರ ಪ್ರಸ್ತಾಪ ಬರುತ್ತದೆ. ಅವರು ಅಖಾಯದಲ್ಲಿ ಮೊದಲು ನಂಬಿದವರು, ದೇವಜನರ ಸೇವೆಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡವರು. ಯಾರೂ ಅವರನ್ನು ನೇಮಿಸಿದಂತೆ ಕಾಣುವುದಿಲ್ಲ. ಇಂಥವರ ಮಾತಿಗೆ ತಲೆಬಾಗಿರಿ ಎಂದು ಪೌಲನು ಕೊರಿಂಥದವರನ್ನು ಕೇಳಿಕೊಳ್ಳುತ್ತಾನೆ. ಇಲ್ಲಿ ಅಧಿಕಾರವೇ ಸೇವೆಯ ಹಿಂದೆ ಬರುತ್ತದೆ. 1949ರಲ್ಲಿ ಜರ್ಮನ್ ವಿದ್ವಾಂಸ ಎರ್ನ್ಸ್ಟ್ ಕೇಸೆಮನ್ ಹೊಸ ಒಡಂಬಡಿಕೆಯ ಸಭೆ ಮತ್ತು ಸೇವಾಪದವಿಗಳ ಕುರಿತು ಬರೆದಾಗ ವರವನ್ನು ಪ್ರತಿಯೊಬ್ಬ ವಿಶ್ವಾಸಿಗೆ ಬಂದ ಕರೆಯೊಂದಿಗೆ ಜೋಡಿಸಿದರು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಧರ್ಮಸಭೆಯ ಕುರಿತ ತನ್ನ ದಸ್ತಾವೇಜಿನಲ್ಲಿ, ಆತ್ಮನು ಎಲ್ಲ ಸ್ತರದ ವಿಶ್ವಾಸಿಗಳಿಗೂ ವರಗಳನ್ನು ಹಂಚುತ್ತಾನೆಂದು ಘೋಷಿಸಿತು. ಕೇಶ್ವಾಪುರದ ಮೂರು ಬಗೆಯ ಸಭೆಗಳು ಈ ಒಂದು ವಿಷಯದಲ್ಲಿ ಹೊರಗೆ ತೋರುವುದಕ್ಕಿಂತ ಹೆಚ್ಚು ಹತ್ತಿರವಿವೆ.

ಸ್ವಸ್ಥತೆಯ ಪ್ರಾರ್ಥನೆ ಇತ್ತೀಚೆಗೆ ಹೊರಗಿನಿಂದ ಬಂದದ್ದು, ಹಳೆಯ ಮಿಶನ್ ಸಭೆಗಳಿಗೆ ಅದು ಗೊತ್ತೇ ಇರಲಿಲ್ಲ ಎಂಬ ಮಾತನ್ನು ಇಲ್ಲಿ ಆಗಾಗ ಕೇಳುತ್ತೇವೆ. ಇದು ಚರಿತ್ರೆಗೆ ಹೊಂದುವುದಿಲ್ಲ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. 1830ರ ದಶಕದಲ್ಲಿ ಬಾಸೆಲ್‌ನ ಮಿಶನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ ಒಬ್ಬರು. ಅವರು ಮುಂದೆ ಮೋಟ್ಲಿಂಗನ್ ಎಂಬ ಹಳ್ಳಿಯ ಪಾಲಕರಾಗಿ, 1852ರಿಂದ ಬಾಡ್ ಬೋಲ್‌ನಲ್ಲಿ, ರೋಗಿಗಳಿಗಾಗಿ ಪ್ರಾರ್ಥಿಸುವ ಸೇವೆಯಿಂದ ಯುರೋಪಿನಲ್ಲೆಲ್ಲ ಹೆಸರಾದರು. ಬಾಡ್ ಬೋಲ್‌ನಲ್ಲಿ ಅವರು ನಡೆಸಿದ್ದು ರೋಗಿಗಳು ತಂಗಿ, ಉಂಡು, ಸುಧಾರಿಸಿಕೊಳ್ಳುವ ಮನೆ. ಅಲ್ಲಿ ಸ್ವಸ್ಥತೆಯ ವರವನ್ನೂ ಹಾಸಿಗೆ ಹಾಸಿ ಅನ್ನವಿಕ್ಕುವ ಕೆಲಸವನ್ನೂ ಬೇರ್ಪಡಿಸಲಾಗದು. ನಮ್ಮ ಬಾಸೆಲ್ ಪರಂಪರೆಗೆ ಈ ನೆನಪು ಮರಳಿ ಬರಬೇಕಾಗಿದೆ.

ಹಾಗೆಂದು ಮಿಶನ್ನಿನ ಆರಂಭದ ವರ್ಷಗಳು ಮಾದರಿಯೇನೂ ಅಲ್ಲ. ಈ ಭಾಗದಲ್ಲಿ ಕಾಲಜ್ಞಾನಿಗಳೆಂಬ ಒಂದು ಪಂಥದವರು ಮಿಶನರಿಗಳನ್ನು ಕಂಡು, ಬರಲಿರುವ ಉದ್ಧಾರಕನ ಬಗ್ಗೆ ತಮ್ಮ ವಚನಗಳಲ್ಲಿರುವ ಭವಿಷ್ಯಕ್ಕೂ ಕ್ರಿಸ್ತನ ಸುವಾರ್ತೆಗೂ ಹೊಂದಿಕೆಯಿದೆಯೆಂದು ಭಾವಿಸಿದರು. ಕ್ರೈಸ್ತ ನೆಲೆಯೊಂದನ್ನು ಕಟ್ಟುವ ಹುರುಪಿನಿಂದ ಮಿಶನ್ 1841ರಲ್ಲಿ ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತು ತೆರೆಯಿತು. ಅದು ಬಹಳ ಕಾಲ ನಿಲ್ಲಲಿಲ್ಲ. ಸೋಲಿಗೆ ಕಾರಣ ಹಲವು ಇದ್ದಿರಬಹುದು. ನನಗೆ ಮುಖ್ಯವಾಗಿ ಕಾಣುವುದು ಒಂದು: ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಎಂಬ ಏರ್ಪಾಡು. ಪ್ರವಾದನೆಯ ಭಾಷೆಯನ್ನು ತಮ್ಮದೇ ಪರಂಪರೆಯಿಂದ ಹೊತ್ತು ತಂದ ಜನ ಬಂದಿದ್ದರು. ಅವರಲ್ಲಿ ಇರುವುದನ್ನು ವರವೆಂದು ಪರೀಕ್ಷಿಸಿ ನೋಡುವ ತಾಳ್ಮೆ ಮಿಶನ್ನಿಗೆ ಇರಲಿಲ್ಲ. ಅವರಿಗೆ ನೆಲ ಕೊಟ್ಟರು, ನಿಯಮ ಕೊಟ್ಟರು. ಪೌಲನ ದೇಹದ ಉಪಮೆಯಲ್ಲಿ ಬರೀ ಪಡೆಯುವ ಅಂಗವೆಂಬುದು ಇಲ್ಲ.

ಮಿಶನ್ನಿನೊಳಗೇ ಬೆಳೆದು ಆ ಮಿತಿಯನ್ನು ದಾಟಿದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನ ಓದಿ, ಬಾಸೆಲ್ ಮಿಶನ್ನಿನ ಬೋಧಕರಾಗಿ ಈ ಸೀಮೆಯಲ್ಲೇ ದುಡಿದರು. ಊರೂರು ತಿರುಗಿ, ಓಲೆಗರಿ, ಕೈಬರಹದ ಕಟ್ಟುಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಗುಲಬರ್ಗಾ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಶರಣರ ಅನುಭವಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. ಒಬ್ಬ ಕ್ರೈಸ್ತ ಬೋಧಕನ ವರ ಇಲ್ಲಿ ಎಲ್ಲಿಗೆ ಹರಿಯಿತು ನೋಡಿ: ಸಭೆಯ ಗೋಡೆಯ ಆಚೆ, ನೆರೆಯವರ ಸಂಪತ್ತನ್ನು ನೆರೆಯವರಿಗೇ ಕೂಡಿಸಿಕೊಡುವ ಕೆಲಸಕ್ಕೆ. ಬೋಧಿಸುವ ವರವೆಂದರೆ ಪ್ರಸಂಗಪೀಠದ ಮೇಲಿನ ಮಾತೆಂದು ತಿಳಿದವರಿಗೆ ಇದು ವರವೆಂದು ತೋರುವುದೇ ಕಷ್ಟ. ಪೌಲನು ಕೊಡುವ ಅಳತೆಗೋಲು ಸಾಮಾನ್ಯ ಹಿತ, ಕಟ್ಟುವಿಕೆ. ಆ ಕೋಲಿನಿಂದ ಅಳೆದರೆ ಉತ್ತಂಗಿಯವರ ತ್ರಿಪದಿ ಸಂಗ್ರಹಕ್ಕೆ ಸಮನಾದ ಸೇವೆ ಈ ಭಾಗದ ಸಭೆಗಳಲ್ಲಿ ಹೆಚ್ಚಿಲ್ಲ.

ಉತ್ತಂಗಿಯವರನ್ನು ನೆನೆದಾಗ ದಾಸೋಹದ ಮಾತು ತಾನಾಗಿ ಬರುತ್ತದೆ. ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕೂತು ಉಂಡ ಊರಿದು. ಹುಬ್ಬಳ್ಳಿಯ ಕ್ರೈಸ್ತನಿಗೆ ಸೇವೆಯ ಅರ್ಥ ಗ್ರಂಥದಿಂದ ಬರುವ ಮೊದಲೇ ಊರಿನ ಗಾಳಿಯಿಂದ ಬಂದಿರುತ್ತದೆ. ದುಡಿದದ್ದನ್ನು ತನ್ನದೆನ್ನದೆ ಸಮರ್ಪಿಸುವ ಕಾಯಕ-ದಾಸೋಹಗಳ ಜೋಡಿಗೂ, ಪಡೆದ ವರಕ್ಕೆ ತಾನು ಮನೆವಾರ್ತೆಯವ ಮಾತ್ರ ಎಂಬ ಪೇತ್ರನ ಪತ್ರಿಕೆಯ ನಿಲುವಿಗೂ ಆಳದ ನಂಟಿದೆ. ಪೌಲನ ಒತ್ತು ಮಾತ್ರ ಒಂದು ಹೆಜ್ಜೆ ಬೇರೆ ಕಡೆಗಿದೆ. ಉಣ್ಣಲು ಬಂದವನಲ್ಲೂ ಬಡಿಸುವವನಿಗೆ ಬೇಕಾದ ವರವಿದೆ, ಅದು ಹೊರಬರುವ ತನಕ ದೇಹ ಅಪೂರ್ಣ ಎನ್ನುತ್ತಾನೆ ಅವನು.

ಅನ್ಯಭಾಷೆಯನ್ನೂ ಸೇವೆಯನ್ನೂ ಎದುರುಬದುರು ನಿಲ್ಲಿಸುವವರು ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ನಿನ ಕಥೆ ಓದಬೇಕು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿ ಪುಣೆ ಹತ್ತಿರದ ಕೇಡಗಾವಿಯಲ್ಲಿ, 1896ರ ನಂತರದ ಬರಗಾಲಗಳಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ನೆಲೆ ಕೊಟ್ಟರು. ಅಲ್ಲಿ 1905ರಲ್ಲಿ ದೊಡ್ಡ ಆತ್ಮಿಕ ಉಜ್ಜೀವನ ಉಂಟಾಯಿತು. ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಪ್ರಸಿದ್ಧ ಪೆಂಟೆಕೋಸ್ಟ್ ಕೂಟಗಳು ತೊಡಗಿದ್ದು ಮರುವರ್ಷ. ಮುಕ್ತಿಯ ಹುಡುಗಿಯರು ಅಳುತ್ತ, ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ಅದೇ ಆವರಣದಲ್ಲಿ ನೇಯ್ಗೆ ನಡೆಯುತ್ತಿತ್ತು, ಮುದ್ರಣಾಲಯದಲ್ಲಿ ಅಚ್ಚು ಜೋಡಿಸುತ್ತಿದ್ದರು, ಅಂಧ ಹೆಣ್ಣುಮಕ್ಕಳು ಓದು ಕಲಿಯುತ್ತಿದ್ದರು. ಪರವಶತೆ ಅವರನ್ನು ಮಗ್ಗದಿಂದ ಎಬ್ಬಿಸಿ ದೂರ ಒಯ್ಯಲಿಲ್ಲ. ಕೆಲ ವರ್ಷಗಳಲ್ಲೇ ರಮಾಬಾಯಿ ಮತ್ತು ಮಗಳು ಮನೋರಮಾ ನಮ್ಮ ಗುಲಬರ್ಗಾದಲ್ಲಿ ಶಾಲೆ ತೆರೆದರು. ಯಾರೂ ಬೇಡವೆಂದ ಹೆಣ್ಣುಮಕ್ಕಳೇ ಈ ದೇಶದ ಪೆಂಟೆಕೋಸ್ಟ್ ಚರಿತ್ರೆಯ ಮೊದಲ ಸಾಲಿನಲ್ಲಿ ನಿಂತರೆಂಬುದು, ಬಲಹೀನ ಅಂಗಗಳ ಕುರಿತು ಪೌಲನು ಬರೆದದ್ದರ ನೇರ ನಿದರ್ಶನ.

ಕೇಶ್ವಾಪುರಕ್ಕೆ ಮರಳೋಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಹುಬ್ಬಳ್ಳಿಗೆ ಬಂದ ಮೇಲೆ ಕನ್ನಡಿಗರೊಂದಿಗೆ ತಮಿಳು, ತೆಲುಗು, ಕೊಂಕಣಿ ಮಾತಾಡುವ ಕ್ರೈಸ್ತರೂ ಆಂಗ್ಲೋ-ಇಂಡಿಯನ್ನರೂ ಈ ಕಡೆ ನೆಲೆಸಿದರು. ಬಂಧುಬಳಗ ದೂರದಲ್ಲಿ ಬಿಟ್ಟು ಬಂದವರಿಗೆ ಸಭೆಯೇ ಬಳಗ. ಇದು ಸ್ಪಷ್ಟವಾಗಿ ತಿಳಿಯುವುದು ಸಾವಿನ ಮನೆಯಲ್ಲಿ. ನಿವೃತ್ತ ರೈಲ್ವೆ ನೌಕರರೊಬ್ಬರು ತೀರಿಕೊಂಡಿದ್ದಾರೆ, ಮಕ್ಕಳು ಬೆಂಗಳೂರಿನಿಂದ ಹೊರಟಿದ್ದಾರೆ. ಅಷ್ಟರಲ್ಲಿ ಒಬ್ಬರು ಪೆಟ್ಟಿಗೆಯ ಅಳತೆ ಹೇಳಿ ಬಂದಿರುತ್ತಾರೆ. ಇನ್ನೊಬ್ಬರು ಸ್ಮಶಾನದಲ್ಲಿ ನಿಂತು ಕುಣಿ ತೋಡಿಸುತ್ತಾರೆ. ಪಕ್ಕದ ಮನೆಯಲ್ಲಿ ಚಹಾ ಕುದಿಯುತ್ತದೆ. ವಯಸ್ಸಾದ ಹೆಂಗಸೊಬ್ಬರು ಮೃತರ ಹೆಂಡತಿಯ ಕೈ ಹಿಡಿದು ಮಾತಿಲ್ಲದೆ ಕೂತಿರುತ್ತಾರೆ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟಾಯಿತು ಎಂದು ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ತಿಂಗಳ ಮೇಲೆ ಅದೇ ಮನುಷ್ಯ ಕುಟುಂಬ ಪಿಂಚಣಿಯ ಅರ್ಜಿ ತುಂಬಿ, ಆ ತಾಯಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಹೆಬ್ಬೆರಳು ಒತ್ತುವಲ್ಲಿ ಒತ್ತಿಸಿ, ಹಣ ಖಾತೆಗೆ ಬೀಳುವ ತನಕ ಬೆನ್ನು ಬಿಡುವುದಿಲ್ಲ. ಭಾನುವಾರದ ಸಾಕ್ಷಿಯ ಹೊತ್ತಿನಲ್ಲಿ ಅವರು ಎದ್ದು ನಿಲ್ಲುವವರಲ್ಲ. ಪೌಲನ ಪಟ್ಟಿಯಲ್ಲಿರುವ ಸಹಾಯ, ಕಾರ್ಯಭಾರ, ಕರುಣೆ, ಮೂರೂ ಆ ಮನೆಯಲ್ಲಿ ನಡೆದಾಡಿದವು. ನಮ್ಮ ಪ್ರಸಂಗಗಳಲ್ಲಿ ಅವಕ್ಕೆ ವರವೆಂಬ ಹೆಸರು ಸಿಗದೆ ಹೋಗುವುದು ನನಗೆ ನೋವಿನ ಸಂಗತಿ.

ಇತ್ತೀಚಿನ ವರ್ಷಗಳಲ್ಲಿ ವರಗಳನ್ನು ಪತ್ತೆ ಮಾಡಲು ಪ್ರಶ್ನಾವಳಿ ಹಂಚುವ ರೂಢಿ ಯುವಜನ ಕೂಟಗಳಿಗೂ ಬಂದಿದೆ. ಅಮೆರಿಕದ ಪೀಟರ್ ವ್ಯಾಗ್ನರ್ 1979ರಲ್ಲಿ ಪ್ರಕಟಿಸಿದ ಪುಸ್ತಕದ ನಂತರ ಇದು ವ್ಯಾಪಕವಾಯಿತು. ಉತ್ತರಗಳಿಗೆ ಅಂಕ ಕೂಡಿಸಿದರೆ ನಿಮ್ಮ ವರ ಇದು ಎಂದು ತಿಳಿಯುತ್ತದೆ. ಮುಂದೆ ಬರಲು ಅಂಜುವ ಹುಡುಗ ಹುಡುಗಿಯರಿಗೆ ಇದರಿಂದ ಧೈರ್ಯ ಬಂದದ್ದುಂಟು, ಅದನ್ನು ತಳ್ಳಿಹಾಕಲಾರೆ. ಆದರೆ ಪ್ರಶ್ನಾವಳಿ ಕೇಳುವುದು ನನಗೇನು ಇಷ್ಟ, ನನಗೇನು ಬರುತ್ತದೆ ಎಂದು. ಸಾವಿನ ಮನೆಯಲ್ಲಿ ಕೈ ಹಿಡಿದು ಕೂತ ಆ ಹಿರಿಯ ಹೆಂಗಸಿಗೆ ಅದು ಇಷ್ಟದ ಕೆಲಸವಾಗಿರಲಿಲ್ಲ, ಯಾರಾದರೂ ಕೂಡಬೇಕಿತ್ತು.

ಕಡೆಯದಾಗಿ, ಭಾಷೆಗಳು ಬೆರೆತ ಈ ಬಡಾವಣೆಗೆ ಅತ್ಯಂತ ಹತ್ತಿರದ ಪಾಠ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನದ ಹಂಚಿಕೆಯಾಗುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ಗೊಣಗಾಟ ಎದ್ದಿತು. ಅಪೊಸ್ತಲರು ಆ ದೂರನ್ನು ಅವಿಶ್ವಾಸವೆಂದು ಗದರಿಸಲಿಲ್ಲ. ಆತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೇ ಹೇಳಿದರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಕೊಟ್ಟ ಬಳಗದ ಕೈಗೇ ಬಡಿಸುವ ಸೌಟು ಬಂತು. ಊಟ ಹಂಚುವುದಕ್ಕೆಂದು ನೇಮಕವಾದ ಸ್ತೆಫನನು (ಮೇಲೆ ಹೇಳಿದ ಅಖಾಯದ ಸ್ತೆಫನನಲ್ಲ) ಮುಂದೆ ಸಾಕ್ಷಿ ನುಡಿದು ರಕ್ತಸಾಕ್ಷಿಯಾದನು, ಫಿಲಿಪ್ಪನು ಸಮಾರ್ಯದಲ್ಲಿ ಸಾರಿದನು. ಬಡಿಸುತ್ತ ಬಡಿಸುತ್ತಲೇ ಅವರ ಬೇರೆ ವರಗಳೂ ಬೆಳಕಿಗೆ ಬಂದವು. ಕನ್ನಡ ಆರಾಧನೆಯೇ ಮುಖ್ಯವಾಗಿರುವ ಸಭೆಗಳಲ್ಲಿ ತೆಲುಗು, ತಮಿಳು ಮನೆಮಾತಿನ ಎಷ್ಟು ಕುಟುಂಬಗಳಿಂದ ಸಭಾಹಿರಿಯರು ಆರಿಸಿ ಬಂದಿದ್ದಾರೆ, ಕಾಣಿಕೆಯ ಲೆಕ್ಕ ಯಾರ ಕೈಯಲ್ಲಿದೆ, ರೋಗಿಗಳನ್ನು ನೋಡಲು ಹೋಗುವ ಹೆಂಗಸರ ಹೆಸರು ಯಾವ ಪಟ್ಟಿಯಲ್ಲಾದರೂ ಇದೆಯೇ? ವರ ಯಾರಿಗೆ ಸಿಕ್ಕಿದೆ ಎಂದು ವಾದಿಸುವ ಮುನ್ನ ನಮ್ಮ ಸಭಾಸಮಿತಿಗಳು ಮೇಜಿನ ಮೇಲೆ ಇಟ್ಟು ಓದಬೇಕಾದ ಕಾಗದಗಳು ಇವು.